ಹಿಂದಿನ ಬ್ರೇಕು ಕಡಿಮೆ ಹಿಡಿಯಲೇಬೇಕು: ಕಾರಿನ ಮುಂದು-ಹಿಂದಿನ ಲೆಕ್ಕ

"ಹಿಂದಿನ ಬ್ರೇಕು ಹಿಡೀತಾನೇ ಇಲ್ಲ, ಸ್ವಲ್ಪ ಜಾಸ್ತಿ ಮಾಡಿಕೊಡಿ." ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಸರ್ವೀಸಿಗೆ ಬಿಚ್ಚಿದಾಗ ಮುಂದಿನ ಡಿಸ್ಕನ್ನು ಹಿಡಿಯುವ ಪ್ಯಾಡು ಪೂರ್ತಿ ಸವೆದಿರುತ್ತದೆ, ಹಿಂದಿನ ಡ್ರಮ್ಮಿನೊಳಗಿನ ಶೂ ಮಾತ್ರ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಅದನ್ನು ಕಂಡವರಿಗೆ ಹಿಂದಿನ ಬ್ರೇಕು ಕೆಲಸ ಕಳ್ಳತನ ಮಾಡುತ್ತಿದೆ ಎಂಬ ಅನುಮಾನ ಬರುತ್ತದೆ. ಎಂಜಿನ್ ಮುಂದಿರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಹಿಂದಿನ ಬ್ರೇಕನ್ನು ಕಾರು ಮಾಡಿದವರು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಎಷ್ಟು ಕಡಿಮೆ, ಯಾಕೆ ಕಡಿಮೆ ಎಂಬುದು ಗೊತ್ತಿಲ್ಲದೆ ಅದಕ್ಕೆ ಕೈಹಾಕಿದರೆ ಕಾರು ಜೋರಾಗಿ ಬ್ರೇಕ್ ಒತ್ತಿದ ದಿನ ಬುಗುರಿಯಾಗುತ್ತದೆ. ಲೆಕ್ಕ ಕಷ್ಟದ್ದಲ್ಲ, ಹೈಸ್ಕೂಲಿನ ಗಣಿತ ಸಾಕು. ಒಂದು ಕಾರನ್ನು ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ನೋಡೋಣ.

ಡ್ರೈವರ್ ಕೂತಾಗ ಒಟ್ಟು ತೂಕ 1000 ಕೆಜಿ. ನಿಂತಲ್ಲಿ ಮುಂದಿನ ಚಕ್ರಗಳ ಮೇಲೆ 600, ಹಿಂದಿನವುಗಳ ಮೇಲೆ 400. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ, ಅಂದರೆ ವೀಲ್‌ಬೇಸ್, 2.4 ಮೀಟರ್. ಕಾರಿನ ಗುರುತ್ವ ಕೇಂದ್ರ ನೆಲದಿಂದ 0.55 ಮೀಟರ್ ಎತ್ತರದಲ್ಲಿದೆ. ಸಣ್ಣ ಕಾರುಗಳ ಅಳತೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ಎಳೆಯುವುದು ನೆಲದ ಮಟ್ಟದಲ್ಲಿ. ಕಾರಿನ ತೂಕ ಮುಂದಕ್ಕೆ ನುಗ್ಗುವುದು ಅರ್ಧ ಮೀಟರ್ ಮೇಲೆ. ಈ ಎರಡರ ನಡುವಿನ ತಿರುಚುವಿಕೆಯಿಂದ ಹಿಂದಿನ ಚಕ್ರಗಳ ಮೇಲಿನ ಭಾರದಲ್ಲಿ ಒಂದು ಪಾಲು ಮುಂದಿನ ಚಕ್ರಗಳಿಗೆ ದಾಟುತ್ತದೆ. ಎಷ್ಟು ದಾಟುತ್ತದೆ? ಒಟ್ಟು ತೂಕವನ್ನು ಬ್ರೇಕಿನ ತೀವ್ರತೆಯಿಂದ ಗುಣಿಸಿ, ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ತೀವ್ರತೆಯನ್ನು ಜಿ ಲೆಕ್ಕದಲ್ಲಿ, ಅಂದರೆ ಗುರುತ್ವದ ವೇಗೋತ್ಕರ್ಷಕ್ಕೆ ಹೋಲಿಸಿ, ಹೇಳುವುದು ರೂಢಿ. ಸಿಗ್ನಲ್ ಕಂಡು ನಿಧಾನಕ್ಕೆ ನಿಲ್ಲಿಸುವುದು 0.2 ಜಿ ಆಸುಪಾಸು. ಒಣ ಡಾಂಬರಿನ ಮೇಲೆ ಒಳ್ಳೆ ಟೈರಿನಲ್ಲಿ ಜೀವ ಉಳಿಸಿಕೊಳ್ಳಲು ಒತ್ತುವ ಬ್ರೇಕು 0.8 ಜಿ ಅಥವಾ ಇನ್ನೂ ಸ್ವಲ್ಪ ಹೆಚ್ಚು.

ನಮ್ಮ ಕಾರಿನಲ್ಲಿ 0.2 ಜಿಗೆ ದಾಟುವ ಭಾರ 46 ಕೆಜಿ. ಮುಂದೆ 646, ಹಿಂದೆ 354. 0.8 ಜಿಗೆ ದಾಟುವುದು 183 ಕೆಜಿ. ಆಗ ಮುಂದೆ 783, ಹಿಂದೆ ಬರೀ 217. ಟೈರಿನ ಹಿಡಿತ ಅದರ ಮೇಲಿರುವ ಭಾರಕ್ಕೆ ತಕ್ಕಂತೆ ಇರುವುದರಿಂದ, ಬ್ರೇಕಿನ ಬಲವನ್ನೂ ಅದೇ ಪಾಲಿನಲ್ಲಿ ಹಂಚಿದರೆ ಮಾತ್ರ ನಾಲ್ಕೂ ಚಕ್ರಗಳ ಹಿಡಿತ ಪೂರ್ತಿ ಬಳಕೆಯಾಗುತ್ತದೆ. ಅಂದರೆ ಮೆಲ್ಲಗೆ ನಿಲ್ಲಿಸುವಾಗ 65ಕ್ಕೆ 35, ಜೋರಾಗಿ ನಿಲ್ಲಿಸುವಾಗ 78ಕ್ಕೆ 22. ಒಂದೇ ಕಾರು, ಒಂದೇ ಪೆಡಲು, ಆದರೆ ಬೇಕಾದ ಹಂಚಿಕೆ ಒತ್ತಿದಷ್ಟೂ ಬದಲಾಗುತ್ತಾ ಹೋಗುತ್ತದೆ. ಇಡೀ ತಲೆನೋವು ಹುಟ್ಟುವುದೇ ಇಲ್ಲಿಂದ.

ಗಾಡಿಯ ಉದ್ದ ಕಡಿಮೆಯಾಗಿ ಎತ್ತರ ಹೆಚ್ಚಾದಷ್ಟೂ ಇದು ಕೆಡುತ್ತದೆ. ಮಾರುತಿ ಓಮ್ನಿಯ ವೀಲ್‌ಬೇಸ್ 1840 ಮಿ.ಮೀ. ಗುರುತ್ವ ಕೇಂದ್ರ 0.6 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೂ 0.8 ಜಿಗೆ ಒಟ್ಟು ತೂಕದ ಶೇ. 26ರಷ್ಟು ಹಿಂದಿನಿಂದ ಮುಂದಕ್ಕೆ ದಾಟುತ್ತದೆ. ನಮ್ಮ ಹ್ಯಾಚ್‌ಬ್ಯಾಕಿನಲ್ಲಿ ಅದು ಶೇ. 18. ಖಾಲಿ ಓಮ್ನಿಯ ಹಿಂಭಾಗ ಬ್ರೇಕಿಗೆ ಅಷ್ಟೊಂದು ಹಗುರಾಗುವುದು ಇದೇ ಕಾರಣಕ್ಕೆ.

ಯಾವುದು ಮೊದಲು ಕಚ್ಚಿಕೊಳ್ಳಬೇಕು

ಹಂಚಿಕೆ ಎಲ್ಲ ಕಡೆ ಸರಿಹೋಗುವುದು ಸಾಧ್ಯವಿಲ್ಲ ಎಂದಾದ ಮೇಲೆ, ತಪ್ಪು ಯಾವ ಕಡೆಗೆ ವಾಲಬೇಕು ಎಂದು ನಿರ್ಧರಿಸಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ: ಮೊದಲು ಲಾಕ್ ಆಗುವುದು, ಅಂದರೆ ಉರುಳುವುದು ನಿಂತು ಜಾರತೊಡಗುವುದು, ಮುಂದಿನ ಚಕ್ರವೇ ಆಗಿರಬೇಕು.

ಲಾಕ್ ಆದ ಟೈರಿಗೆ ಅಡ್ಡ ಹಿಡಿತ ಇರುವುದಿಲ್ಲ, ಯಾವ ದಿಕ್ಕಿಗೆ ತಳ್ಳಿದರೂ ಜಾರುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಭಯವೇ, ಆದರೆ ಪೆಡಲ್ ಸ್ವಲ್ಪ ಸಡಿಲಿಸಿದರೆ ಚಕ್ರ ಮತ್ತೆ ಉರುಳಿ ಸ್ಟೀರಿಂಗ್ ಕೈಗೆ ಬರುತ್ತದೆ. ಡಿಕ್ಕಿಯಾದರೂ ಮೂತಿ ಮುಂದಾಗಿ ಆಗುತ್ತದೆ, ಬೆಲ್ಟು, ಏರ್‌ಬ್ಯಾಗು ಎಲ್ಲ ಅದಕ್ಕೆಂದೇ ಇರುವುದು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಥೆ ಬೇರೆ. ಮುಂದೆ ಹಿಡಿತ ಇದೆ, ಹಿಂದೆ ಇಲ್ಲ. ರಸ್ತೆಯ ಇಳಿಜಾರೋ ಸ್ಟೀರಿಂಗಿನ ಒಂದು ಅಲುಗಾಟವೋ ಸಾಕು, ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಸರಿದಷ್ಟೂ ಇನ್ನಷ್ಟು ಸರಿಯಲು ಅದೇ ಬಲ ಕೊಡುತ್ತದೆ. ಸಾಮಾನ್ಯ ಚಾಲಕರಿಗೆ ಏನಾಗುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಕಾರು ಅಡ್ಡ ತಿರುಗಿರುತ್ತದೆ, ಎದುರಿನ ಲಾರಿಗೆ ಬಾಗಿಲು ಕೊಟ್ಟು ನಿಂತಿರುತ್ತದೆ.

ವಿಶ್ವಸಂಸ್ಥೆಯ 13-ಎಚ್ ಎಂಬ ಬ್ರೇಕ್ ನಿಯಮ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ತೀವ್ರತೆ 0.15ರಿಂದ 0.8 ಜಿವರೆಗೆ ಎಲ್ಲೇ ಇದ್ದರೂ ಹಿಂದಿನ ಆಕ್ಸಲ್ ತನ್ನ ಹಿಡಿತದಲ್ಲಿ ಬಳಸುವ ಪಾಲು ಮುಂದಿನದಕ್ಕಿಂತ ಹೆಚ್ಚಾಗಕೂಡದು. ಈ 0.8 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಹಂಚಿಕೆ ಅಡಗಿರುವುದು ಬಿಡಿಭಾಗಗಳ ಅಳತೆಯಲ್ಲಿ

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಬ್ರೇಕ್ ಆಯಿಲಿನ ಒತ್ತಡ ನಾಲ್ಕೂ ಕಡೆ ಒಂದೇ. ಮಧ್ಯೆ ವಾಲ್ವ್ ಇಲ್ಲದಿದ್ದರೆ ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು ಎಂದು ತೀರ್ಮಾನಿಸುವುದು ಪಿಸ್ಟನ್ನಿನ ಅಗಲ, ಡಿಸ್ಕು ಮತ್ತು ಡ್ರಮ್ಮಿನ ಅಳತೆ, ಪ್ಯಾಡಿನ ಘರ್ಷಣೆ ಇಷ್ಟೇ. ನಮ್ಮ ಕಾರಿಗೆ 60 ಬಾರ್ ಒತ್ತಡ ಕೊಟ್ಟು ನೋಡೋಣ.

ಮುಂದೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ 51 ಮಿ.ಮೀ., ಪ್ಯಾಡಿನ ಘರ್ಷಣೆ 0.4, ಪ್ಯಾಡು ಡಿಸ್ಕನ್ನು ಹಿಡಿಯುವ ಸರಾಸರಿ ತ್ರಿಜ್ಯ 95 ಮಿ.ಮೀ., ಟೈರಿನ ತ್ರಿಜ್ಯ 270 ಮಿ.ಮೀ. ಪಿಸ್ಟನ್ 12,250 ನ್ಯೂಟನ್ ಬಲದಿಂದ ಒತ್ತುತ್ತದೆ. ಎರಡೂ ಮುಖ ಸೇರಿ ಘರ್ಷಣೆ 9,800. ಟೈರಿನ ಅಂಚಿಗೆ ಬರುವಷ್ಟರಲ್ಲಿ ಒಂದು ಚಕ್ರಕ್ಕೆ ಸುಮಾರು 3,450, ಎರಡಕ್ಕೂ ಸೇರಿ 6,900 ನ್ಯೂಟನ್.

ಹಿಂದೆ 180 ಮಿ.ಮೀ. ಡ್ರಮ್ಮು, ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ 11/16 ಇಂಚಿನದು, ಅಂದರೆ 17.46 ಮಿ.ಮೀ. ಶೂ ಒಂದಕ್ಕೆ ಬೀಳುವ ಬಲ 1,435 ನ್ಯೂಟನ್. ಡ್ರಮ್ಮು ತಿರುಗುವ ದಿಕ್ಕಿಗಿರುವ ಶೂ ತಾನೇ ಒಳಕ್ಕೆ ಎಳೆದುಕೊಳ್ಳುವುದರಿಂದ ಎರಡು ಶೂ ಸೇರಿ ಆ ಬಲದ ಸುಮಾರು ಎರಡು ಪಟ್ಟು ಘರ್ಷಣೆ ಹುಟ್ಟುತ್ತದೆ. ಟೈರಿನ ಹತ್ತಿರ ಚಕ್ರಕ್ಕೆ 957, ಎರಡಕ್ಕೂ 1,915 ನ್ಯೂಟನ್.

6,900ಕ್ಕೆ 1,915. ಅಂದರೆ 78ಕ್ಕೆ 22. ಖಾಲಿ ಕಾರಿನಲ್ಲಿ ಹಿಂದಿನ ಪಾಲಿನ ಭಾರವೂ ಶೇ. 22ಕ್ಕೆ ಇಳಿಯುವುದು ಸರಿಯಾಗಿ 0.8 ಜಿಗೆ. ಅಲ್ಲಿಯವರೆಗೆ ಯಾವ ರಸ್ತೆಯಲ್ಲೂ ಮುಂದಿನದೇ ಮೊದಲು ಲಾಕ್ ಆಗುತ್ತದೆ. ಈ ಬಿಡಿಭಾಗಗಳನ್ನು ಆರಿಸಿದ ಎಂಜಿನಿಯರು ಹಿಂದಿನ ಬ್ರೇಕನ್ನು ಜಿಪುಣತನಕ್ಕೆ ಸಣ್ಣದು ಮಾಡಿಲ್ಲ.

ಈಗ ಒಂದು ವೀಲ್ ಸಿಲಿಂಡರ್ ಸೋರಿತು, ಅಂಗಡಿಯಲ್ಲಿ ಆ ಸೈಜು ಸಿಗಲಿಲ್ಲ, "ಇದೂ ಕೂರುತ್ತೆ" ಎಂದು ಮುಕ್ಕಾಲು ಇಂಚಿನದು ಹಾಕಿದರು ಎಂದುಕೊಳ್ಳಿ. 17.46ರಿಂದ 19.05 ಮಿ.ಮೀ., ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ವಿಸ್ತೀರ್ಣ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಹಿಂದಿನ ಬಲ ಶೇ. 19 ಏರುತ್ತದೆ. ಎರಡೂ ಕಡೆ ಬದಲಿಸಿದರೆ ಹಂಚಿಕೆ 75ಕ್ಕೆ 25. ಹಿಂದಿನ ಚಕ್ರ ಮೊದಲು ಲಾಕ್ ಆಗತೊಡಗುವ ಅಂಚು 0.8ರಿಂದ 0.66 ಜಿಗೆ ಇಳಿಯಿತು. ಒಂದೇ ಕಡೆ ಬದಲಿಸಿದರೆ ಇನ್ನೂ ಕೆಟ್ಟದು, ಕಾರು ಆ ಪಕ್ಕಕ್ಕೆ ಎಳೆಯುತ್ತದೆ.

ಇದರ ಅಪಾಯ ಎಲ್ಲಿದೆ ನೋಡಿ. ಗ್ಯಾರೇಜಿನ ಹೊರಗೆ 30ರ ವೇಗದಲ್ಲಿ ಓಡಿಸಿ ಬ್ರೇಕ್ ಒತ್ತಿ ನೋಡಿದರೆ ಕಾರು ಮೊದಲಿಗಿಂತ ಚೆನ್ನಾಗಿ ನಿಂತ ಹಾಗೆ ಅನಿಸುತ್ತದೆ. ಒದ್ದೆ ರಸ್ತೆಯಲ್ಲೂ ತೊಂದರೆ ಕಾಣದು, ಅಲ್ಲಿ ತೀವ್ರತೆ ಸಾಮಾನ್ಯವಾಗಿ ಆ ಅಂಚಿನವರೆಗೆ ಏರುವುದಿಲ್ಲ, ಮುಂದಿನದೇ ಮೊದಲು ಲಾಕ್ ಆಗುತ್ತದೆ. ಹೈವೇಯಲ್ಲಿ ಒಣ ರಸ್ತೆಯ ಮೇಲೆ 90ರಲ್ಲಿ ಎಮ್ಮೆ ಅಡ್ಡ ಬಂದಾಗ ಮಾತ್ರ ಅದು ಹೊರಬರುತ್ತದೆ. ಟೆಸ್ಟ್ ಡ್ರೈವಿನಲ್ಲಿ ಸಿಗದ ದೋಷ ಎಂಬ ಕಾರಣಕ್ಕೇ ಇಲ್ಲಿ ಅಳತೆಯ ಬಗ್ಗೆ ಹಟ ಹಿಡಿಯಬೇಕು. ಸಿಲಿಂಡರಿನ ಮೈಮೇಲೆ ಎರಕದಲ್ಲಿ ಸೈಜು ಬರೆದಿರುತ್ತದೆ, ಬರೆದಿಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಹಳೆಯ ಸಿಲಿಂಡರಿನ ಒಳ ಅಗಲ ಅಳೆಯಿರಿ.

ಪ್ಯಾಡಿನದೂ ಇದೇ ಕತೆ. ಅಗ್ಗದ ಮುಂದಿನ ಪ್ಯಾಡು ಹಾಕಿ ಘರ್ಷಣೆ 0.4ರಿಂದ 0.32ಕ್ಕೆ ಇಳಿದರೆ ಮುಂದಿನ ಬಲ 5,520ಕ್ಕೆ ಬೀಳುತ್ತದೆ. ಹಿಂದಿನದು ಮೊದಲಿನಷ್ಟೇ. ಹಂಚಿಕೆ 74ಕ್ಕೆ 26, ಅಂಚು 0.62 ಜಿ. ಹಿಂದೆ ಏನೂ ಮುಟ್ಟದೆಯೇ ಹಿಂದಿನ ಬ್ರೇಕು ಜಾಸ್ತಿಯಾಗಿಹೋಯಿತು! ಪೆಡಲ್ ಗಟ್ಟಿಯಾಗಿ ಒತ್ತಬೇಕಾಗುತ್ತದೆ ಎಂದಷ್ಟೇ ಜನ ದೂರುತ್ತಾರೆ, ಅದರ ಜೊತೆಗೇ ಹಿಂದಿನ ಚಕ್ರ ಲಾಕ್ ಆಗುವುದು ಹತ್ತಿರ ಬಂದಿರುತ್ತದೆ ಎಂಬುದು ಹೊಳೆಯುವುದಿಲ್ಲ.

ಹಿಂದೆ ಡ್ರಮ್ಮು ತೆಗೆದು ಡಿಸ್ಕು ಹಾಕಿಸುವ ಖಯಾಲಿಗಂತೂ ಈ ಲೆಕ್ಕವನ್ನು ಗೋಡೆಗೆ ಅಂಟಿಸಬೇಕು. 34 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರ್, 105 ಮಿ.ಮೀ. ತ್ರಿಜ್ಯದಲ್ಲಿ ಹಿಡಿಯುವ ಡಿಸ್ಕು. ಅದೇ 60 ಬಾರಿಗೆ ಹಿಂದಿನ ಎರಡು ಚಕ್ರ ಸೇರಿ 3,390 ನ್ಯೂಟನ್, ಒಟ್ಟು ಬಲದ ಶೇ. 33. ಖಾಲಿ ಕಾರಿನ ಹಿಂದಿನ ಚಕ್ರಗಳು 0.31 ಜಿಗೇ ಅಂಚು ದಾಟುತ್ತವೆ. ಒಣ ರಸ್ತೆ ಹಾಗಿರಲಿ, ಮಳೆಯಲ್ಲೂ ಹಿಂದಿನದೇ ಮೊದಲು ಲಾಕ್ ಆಗುತ್ತದೆ. ಮೇಲಾಗಿ ಕ್ಯಾಲಿಪರ್ ಪಿಸ್ಟನ್ ತುಂಬಲು ವೀಲ್ ಸಿಲಿಂಡರಿಗಿಂತ ಹೆಚ್ಚು ಬ್ರೇಕ್ ಆಯಿಲ್ ಬೇಕು, ಹಳೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲ್ ಕೆಳಕ್ಕೆ ಹೋಗುತ್ತದೆ. ಕಂಪನಿಯವರು ಅದೇ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಹಿಂದೆ ಡಿಸ್ಕು ಕೊಟ್ಟಿದ್ದರೆ ಅದರ ಜೊತೆ ಮಾಸ್ಟರ್ ಸಿಲಿಂಡರ್, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದ ಪ್ರೋಗ್ರಾಮ್ ಇವುಗಳನ್ನೂ ಬದಲಿಸಿರಬಹುದು. ಬರೀ ಡಿಸ್ಕು, ಕ್ಯಾಲಿಪರ್ ತಂದು ಕೂರಿಸಿದರೆ ನೋಡಲು ಚೆಂದ, ಅಷ್ಟೇ.

ಘಾಟಿಯಲ್ಲಿ ಹಂಚಿಕೆ ತಾನಾಗಿಯೇ ಜರುಗುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಟಾಪ್ ಗೇರಿನಲ್ಲಿ ಬರೀ ಬ್ರೇಕಿನ ಮೇಲೆ ಇಳಿಸಿದರೆ ಬಿಸಿಯ ದೊಡ್ಡ ಪಾಲು ಮುಂದಿನ ಡಿಸ್ಕಿಗೆ ಹೋಗುತ್ತದೆ. ಪ್ಯಾಡು ಕಾದು ಘರ್ಷಣೆ ಬಿದ್ದಾಗ ಮೇಲೆ ಹೇಳಿದ ಅಗ್ಗದ ಪ್ಯಾಡಿನ ಸ್ಥಿತಿಯೇ ಬರುತ್ತದೆ. ಇಳಿಜಾರಿನಲ್ಲಿ ಹಿಂಭಾಗ ಮೊದಲೇ ಹಗುರ. ಶೇ. 10ರ ಇಳುಕಲಿನಲ್ಲಿ ವೇಗ ಏರದಂತೆ ಹಿಡಿದಿಟ್ಟರೇ ಸಾಕು, ನಮ್ಮ ಕಾರಿನ ಹಿಂದಿನಿಂದ 23 ಕೆಜಿ ಮುಂದಕ್ಕೆ ದಾಟಿರುತ್ತದೆ. ಎರಡನೇ ಗೇರು ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು ಎನ್ನುವುದರ ಹಿಂದೆ ಈ ಕಾರಣವೂ ಇದೆ. ಬ್ರೇಕ್ ಆಯಿಲ್ ಹಳತಾಗಿದ್ದರೆ ಇನ್ನೊಂದು ಕಾಟ: ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ಹೆಚ್ಚಿನ ಖರ್ಚೂ ಇಲ್ಲ.

ವಾಲ್ವ್ ಏನು ಮಾಡುತ್ತದೆ

ನಮ್ಮ ಕಾರಿನ 78ಕ್ಕೆ 22 ಖಾಲಿ ಇರುವಾಗ ಸರಿ. ಐದು ಜನ ಕೂತು ಡಿಕ್ಕಿ ತುಂಬಿ 1350 ಕೆಜಿ ಆದಾಗ? ಹಿಂದಿನ ಪಾಲು ನಿಂತಲ್ಲಿ ಶೇ. 48 ಆಗುತ್ತದೆ, 0.8 ಜಿಗೂ ಶೇ. 30 ಉಳಿಯುತ್ತದೆ. ಬ್ರೇಕು ಮಾತ್ರ ಶೇ. 22ರಲ್ಲೇ ಇದೆ. 0.8 ಜಿ ಕೊಡಬಲ್ಲ ರಸ್ತೆಯಲ್ಲಿ ಮುಂದಿನದು 0.7ಕ್ಕೇ ಲಾಕ್ ಆಗುತ್ತದೆ, ಹಿಂದಿನ ಟೈರಿನ ಹಿಡಿತ ಬಳಕೆಯಾಗದೆ ಉಳಿಯುತ್ತದೆ, ನಿಲ್ಲುವ ದೂರ ಶೇ. 10ಕ್ಕೂ ಹೆಚ್ಚು ಬೆಳೆಯುತ್ತದೆ. ಕಾರಿಗೆ ಇದು ಸಹಿಸಬಹುದಾದ ನಷ್ಟ. ಹೊರೆ ಹೊರುವ ವ್ಯಾನಿಗೆ, ಪಿಕಪ್ಪಿಗೆ ಅಲ್ಲ.

ಅದಕ್ಕೆಂದು ಹಿಂದಿನ ಬ್ರೇಕನ್ನು ಸ್ವಲ್ಪ ದೊಡ್ಡದಿಟ್ಟು, ಒತ್ತಡ ಒಂದು ಮಟ್ಟ ದಾಟಿದ ಮೇಲೆ ಹಿಂದಕ್ಕೆ ಹೋಗುವುದನ್ನು ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕುತ್ತಾರೆ. ಉದಾಹರಣೆಗೆ 30 ಬಾರ್‌ವರೆಗೆ ಮುಂದೆ ಹಿಂದೆ ಎರಡೂ ಸಮ. ಆಮೇಲೆ ಮುಂದೆ 10 ಬಾರ್ ಏರಿದರೆ ಹಿಂದೆ ಏರುವುದು 3.7 ಮಾತ್ರ. ಮುಂದೆ 80 ಇದ್ದಾಗ ಹಿಂದೆ 48 ಚಿಲ್ಲರೆ. ಮೆಲ್ಲಗೆ ಒತ್ತಿದಾಗ ಹಿಂದಿನದು ತನ್ನ ಪಾಲು ಮಾಡುತ್ತದೆ, ಜೋರಾಗಿ ಒತ್ತಿದಾಗ ಹಿಂಜರಿಯುತ್ತದೆ. ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಪೈಪುಗಳು ಅಡ್ಡಡ್ಡ ಹೋಗುವುದರಿಂದ, ಅಂದರೆ ಬಲ ಮುಂದು ಎಡ ಹಿಂದಕ್ಕೆ ಒಂದು ಸಾಲು, ಎಡ ಮುಂದು ಬಲ ಹಿಂದಕ್ಕೆ ಇನ್ನೊಂದು, ಹಿಂದಿನ ಎರಡು ಪೈಪಿಗೂ ಬೇರೆ ಬೇರೆ ವಾಲ್ವ್ ಬೇಕು. ಒಂದು ಮಾತ್ರ ಕೆಟ್ಟರೆ ಜೋರು ಬ್ರೇಕಿನಲ್ಲಿ ಹಿಂದಿನ ಒಂದೇ ಚಕ್ರ ಲಾಕ್ ಆಗುತ್ತದೆ. ಅದನ್ನು ಡ್ರಮ್ಮಿನ ದೋಷ ಎಂದುಕೊಂಡು ಮೂರು ಸಲ ಶೂ ಬದಲಿಸುವವರಿದ್ದಾರೆ.

ಓಮ್ನಿ, ಈಕೋ, ಬೊಲೆರೊದಂಥ ಗಾಡಿಗಳ ಹಿಂದಿನ ಆಕ್ಸಲ್ ಹತ್ತಿರ ಒಂದು ಸರಳು ಅಥವಾ ಸ್ಪ್ರಿಂಗ್ ಜೋಡಿಸಿದ ವಾಲ್ವ್ ಕಾಣಬಹುದು. ಅದು ಎಲ್‌ಎಸ್‌ಪಿವಿ, ಹೊರೆ ನೋಡಿ ಹಿಂದಿನ ಒತ್ತಡ ತೀರ್ಮಾನಿಸುವ ವಾಲ್ವ್. ಹೊರೆ ಹೇರಿದಾಗ ಗಾಡಿಯ ಮೈ ಆಕ್ಸಲ್ ಕಡೆಗೆ ಕುಸಿಯುತ್ತದೆ, ಸರಳು ವಾಲ್ವನ್ನು ತಳ್ಳುತ್ತದೆ, ಹಿಂದಕ್ಕೆ ಹೆಚ್ಚು ಒತ್ತಡ ಹೋಗುತ್ತದೆ. ಎಂಥ ಸರಳ ಉಪಾಯ! ಆದರೆ ಅದಕ್ಕೆ ಗೊತ್ತಿರುವುದು ಆಕ್ಸಲ್ ಮತ್ತು ಮೈ ನಡುವಿನ ಅಂತರ ಮಾತ್ರ. ತೂಕ ಅದಕ್ಕೆ ಗೊತ್ತಿಲ್ಲ. ಹಿಂದೆ ಕುಗ್ಗದಿರಲಿ ಎಂದು ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಸೇರಿಸಿದರೆ, ಇಲ್ಲವೇ ಲಿಫ್ಟ್ ಕಿಟ್ ಹಾಕಿ ಮೈ ಎತ್ತಿಸಿದರೆ, ತುಂಬಿದ ಗಾಡಿಯೂ ವಾಲ್ವಿಗೆ ಖಾಲಿಯಂತೆ ಕಾಣುತ್ತದೆ. ಹಿಂದಿನ ಬ್ರೇಕು ಅರೆಬರೆ, ಮುಂದಿನ ಡಿಸ್ಕು ಕಾದು ಕೆಂಪು. ತಿರುಗಾಮುರುಗಾ, ಸ್ಪ್ರಿಂಗು ಹಳತಾಗಿ ಕುಸಿದಿದ್ದರೆ ಖಾಲಿ ಗಾಡಿ ತುಂಬಿದಂತೆ ಕಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ. ಪ್ಲೇಟು ಸೇರಿಸಿದ ದಿನವೇ ಸರಳಿನ ಅಳತೆಯನ್ನೂ ಮ್ಯಾನುಯಲ್ ಪ್ರಕಾರ ಹೊಂದಿಸಬೇಕು. ಕೆಸರು, ತುಕ್ಕು ಹಿಡಿದು ಸರಳಿನ ಬುಷ್ ಬಿಗಿಯಾಗುವುದೂ ಸಾಮಾನ್ಯ, ಕರಾವಳಿಯ ಗಾಡಿಗಳಲ್ಲಂತೂ ಕೈಯಿಂದ ಅಲ್ಲಾಡಿಸಿದರೂ ಅಲುಗದ ಸರಳುಗಳಿರುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ಬೈಪಾಸ್. ವಾಲ್ವ್ ಸೋರಿತು, ಹೊಸದು ದುಬಾರಿ ಎಂದು ಅದನ್ನು ಕಿತ್ತು ಎರಡು ಪೈಪನ್ನು ಯೂನಿಯನ್ ಹಾಕಿ ಜೋಡಿಸಿಬಿಡುತ್ತಾರೆ. 48 ಬಾರ್ ಹೋಗಬೇಕಾದ ಕಡೆ 80 ಬಾರ್, ಅಂದರೆ ಒಂದೂಮುಕ್ಕಾಲು ಪಟ್ಟಿಗೆ ಹತ್ತಿರ. ಅಂಥ ಗಾಡಿಯನ್ನು ಖಾಲಿ ಓಡಿಸುವುದು ಅಪಾಯ. ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳುವ ಮುಂಚೆ ಹಿಂದೆ ಬಗ್ಗಿ ಆ ವಾಲ್ವ್ ಇದೆಯೇ, ಸರಳು ಆಕ್ಸಲ್‌ಗೆ ಜೋಡಿಕೊಂಡಿದೆಯೇ ನೋಡಲು ಒಂದು ನಿಮಿಷ ಸಾಕು.

ವಾಲ್ವ್ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಲು ಇರುವ ದಾರಿ ಗೇಜು. 0ರಿಂದ 160 ಬಾರ್ ತೋರಿಸುವ ಎರಡು ಗೇಜು ಬೇಕು. ಒಂದನ್ನು ಮುಂದಿನ ಕ್ಯಾಲಿಪರಿನ ಬ್ಲೀಡರ್ (ಗಾಳಿ ತೆಗೆಯುವ ತಿರುಪು) ಜಾಗಕ್ಕೆ, ಇನ್ನೊಂದನ್ನು ಹಿಂದಿನ ವೀಲ್ ಸಿಲಿಂಡರಿನ ಬ್ಲೀಡರ್ ಜಾಗಕ್ಕೆ ಕೂರಿಸಿ ಗೇಜಿನ ಪೈಪಿನಿಂದಲೂ ಗಾಳಿ ತೆಗೆಯಿರಿ. ಗಾಡಿ ನೆಲದ ಮೇಲೆ ತನ್ನ ಕಾಲ ಮೇಲೆ ನಿಂತಿರಬೇಕು, ಮ್ಯಾನುಯಲ್ ಹೇಳಿದಷ್ಟು ತೂಕ ಹಿಂದೆ ಇರಬೇಕು, ಎಂಜಿನ್ ಚಾಲೂ ಇರಬೇಕು. ಒಬ್ಬರು ಪೆಡಲ್ ನಿಧಾನಕ್ಕೆ ಒತ್ತುತ್ತಾ ಮುಂದೆ 30, 50, 80 ಬಾರ್ ಬಂದಲ್ಲಿ ನಿಲ್ಲಿಸಿ ಹಿಡಿಯಲಿ, ಇನ್ನೊಬ್ಬರು ಹಿಂದಿನ ಅಂಕಿ ಬರೆದುಕೊಳ್ಳಲಿ. ಒತ್ತಡ ಏರಿಸುತ್ತಲೇ ಓದಬೇಕು, ಇಳಿಸುವಾಗ ವಾಲ್ವ್ ಬೇರೆ ಅಂಕಿ ತೋರಿಸುತ್ತದೆ. ಮುಂದೆ ಎಷ್ಟೋ ಹಿಂದೆಯೂ ಅಷ್ಟೇ ಬಂದರೆ ವಾಲ್ವ್ ತೆರೆದೇ ನಿಂತಿದೆ. ಹಿಂದೆ 20ರ ಹತ್ತಿರ ಬಂದು ನಿಂತುಬಿಟ್ಟರೆ ಕಚ್ಚಿಕೊಂಡಿದೆ ಅಥವಾ ಸರಳು ಕಳಚಿದೆ. ಬ್ಲೀಡಿಂಗ್ ಮಾಡುವಾಗಲೂ ಇದೇ ಎಚ್ಚರ ಬೇಕು: ಎರಡು ಕಂಬದ ಲಿಫ್ಟಿನಲ್ಲಿ ಆಕ್ಸಲ್ ಜೋತುಬಿದ್ದರೆ ಎಲ್‌ಎಸ್‌ಪಿವಿ "ಗಾಡಿ ಖಾಲಿ" ಎಂದುಕೊಂಡು ಹಿಂದಕ್ಕೆ ಆಯಿಲ್ ಸರಿಯಾಗಿ ಬಿಡದು, ಗಾಳಿ ಒಳಗೇ ಉಳಿಯುತ್ತದೆ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಭಾರ ಅದರ ಮೇಲೆ ಕೂರುವಂತೆ ಮಾಡಿಕೊಳ್ಳಿ.

ಹಿಂದಿನದು ನಿಜಕ್ಕೂ ಕೆಲಸ ಮಾಡದಿದ್ದಾಗ

ಇಷ್ಟೆಲ್ಲ ಹೇಳಿದ ಮೇಲೂ ಹಿಂದಿನ ಬ್ರೇಕು ನಿಜವಾಗಿಯೇ ಸತ್ತಿರುವ ಕಾರುಗಳು ಬೇಕಾದಷ್ಟಿವೆ. ಡ್ರಮ್ಮಿನೊಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ನಿಂತರೆ ಶೂ ಸವೆದಂತೆ ಅಂತರ ಬೆಳೆಯುತ್ತಾ ಹೋಗುತ್ತದೆ. ಆಗ ಪೆಡಲ್ ಮೊದಲ ಒತ್ತಿಗೆ ಕೆಳಕ್ಕೆ ಹೋಗುತ್ತದೆ, ಬೇಗ ಎರಡು ಸಲ ಒತ್ತಿದರೆ ಮೇಲಕ್ಕೆ ಬರುತ್ತದೆ. ಹ್ಯಾಂಡ್‌ಬ್ರೇಕಿನ ಕ್ಲಿಕ್ಕು ಹೆಚ್ಚುತ್ತದೆ. ಇದಕ್ಕೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಮದ್ದಲ್ಲ. ಕೇಬಲ್ ಬಿಗಿಯಾದರೆ ಶೂಗಳು ತಮ್ಮ ಜಾಗಕ್ಕೆ ವಾಪಸ್ ಕೂರುವುದಿಲ್ಲ, ಅಡ್ಜಸ್ಟರ್ ಮತ್ತೆಂದೂ ಕೆಲಸ ಮಾಡುವುದಿಲ್ಲ. ಕೇಬಲ್ ಪೂರ್ತಿ ಸಡಿಲಿಸಿ, ಡ್ರಮ್ಮು ಕಳಚಿ, ಅಡ್ಜಸ್ಟರಿನ ತಿರುಪಿಗೆ ಬ್ರೇಕ್ ಗ್ರೀಸ್ ಕೊಟ್ಟು ಕೈಯಿಂದ ತಿರುಗಿಸಿ, ಡ್ರಮ್ಮು ಸಣ್ಣಗೆ ಉಜ್ಜುತ್ತಾ ತಿರುಗುವಷ್ಟಕ್ಕೆ ಶೂ ತಂದು, ಕೊನೆಗೆ ಕೇಬಲ್ ಹೊಂದಿಸಬೇಕು. ಅದೇ ಸಮಯಕ್ಕೆ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚು ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಸೋರಿಕೆ ಶುರುವಾಗಿದೆ. ಆಯಿಲ್ ತಾಗಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಲೈನಿಂಗ್ ಒಳಗೆ ಹೀರಿಕೊಂಡದ್ದು ಬಿಸಿಗೆ ಮತ್ತೆ ಹೊರಬರುತ್ತದೆ.

ರಸ್ತೆಯಲ್ಲೇ ಅಂದಾಜು ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಖಾಲಿ ರಸ್ತೆಯಲ್ಲಿ 60ರಿಂದ ಮಧ್ಯಮ ಬ್ರೇಕಿನಲ್ಲಿ ಐದಾರು ಸಲ ವೇಗ ಇಳಿಸಿ, ನಿಂತ ಕೂಡಲೇ ನಾಲ್ಕೂ ಕಡೆ ಅಳೆಯಿರಿ. ಮುಂದಿನ ಡಿಸ್ಕು ಹಿಂದಿನ ಡ್ರಮ್ಮಿಗಿಂತ ಬಹಳ ಬಿಸಿ ಇರಬೇಕು, ಅದು ಆರೋಗ್ಯದ ಲಕ್ಷಣ. ಡ್ರಮ್ಮು ಗಾಳಿ ತಾಪಮಾನದಲ್ಲೇ ಇದ್ದರೆ ಹಿಂದಿನದು ಏನೂ ಮಾಡುತ್ತಿಲ್ಲ. ಡ್ರಮ್ಮು ಡಿಸ್ಕಿಗಿಂತ ಬಿಸಿ ಇದ್ದರೆ ಶೂ ಕಚ್ಚಿಕೊಂಡಿದೆ. ಒಂದೇ ಆಕ್ಸಲ್ಲಿನ ಎಡಬಲದ ನಡುವೆ 40-50 ಡಿಗ್ರಿ ವ್ಯತ್ಯಾಸ ಕಂಡರೆ ಬಿಚ್ಚಿ ನೋಡುವುದೇ ಸರಿ.

ಇಬಿಡಿ ಬಂದ ಮೇಲೆ

ನಮ್ಮ ದೇಶದಲ್ಲಿ ಹೊಸ ಮಾಡೆಲ್ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್ಲುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದರ ಜೊತೆ ಬಂದ ಇಬಿಡಿ, ಅಂದರೆ ಬ್ರೇಕಿನ ಬಲವನ್ನು ಎಲೆಕ್ಟ್ರಾನಿಕ್ ಆಗಿ ಹಂಚುವ ವ್ಯವಸ್ಥೆ, ಈ ವಾಲ್ವುಗಳ ಕೆಲಸವನ್ನು ತಾನು ವಹಿಸಿಕೊಂಡಿತು. ಅದಕ್ಕೆ ತೂಕ ಅಳೆಯುವ ಸೆನ್ಸರ್ ಬೇಕಿಲ್ಲ. ಎಬಿಎಸ್ಸಿನ ನಾಲ್ಕು ವೀಲ್ ಸೆನ್ಸರುಗಳೇ ಸಾಕು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚು ನಿಧಾನವಾಯಿತೋ, ಆ ಪೈಪಿನ ವಾಲ್ವ್ ಮುಚ್ಚಿ ಹಿಂದಿನ ಒತ್ತಡವನ್ನು ಅಲ್ಲೇ ಹಿಡಿದಿಡುತ್ತದೆ. ಹೊರೆ ಇದ್ದರೆ ಹಿಂದಿನ ಚಕ್ರ ಅಷ್ಟು ಬೇಗ ಸೋಲುವುದಿಲ್ಲ, ವಾಲ್ವ್ ತಡವಾಗಿ ಮುಚ್ಚುತ್ತದೆ. ಖಾಲಿ, ತುಂಬಿದ್ದು, ಒದ್ದೆ, ಒಣ, ಎಲ್ಲದಕ್ಕೂ ಒಂದೇ ಉತ್ತರ. ಪೆಡಲ್ ನಡುಗದಿರುವುದರಿಂದ ಚಾಲಕನಿಗೆ ಗೊತ್ತೂ ಆಗುವುದಿಲ್ಲ.

ಇಬಿಡಿ ಕಾಯುತ್ತದೆ ಎಂಬ ಧೈರ್ಯದಿಂದ ಇಂಥ ಕಾರುಗಳಲ್ಲಿ ಯಾಂತ್ರಿಕ ವಾಲ್ವ್ ಇಡುವುದಿಲ್ಲ, ಹಿಂದಿನ ಬ್ರೇಕನ್ನೂ ಹಳೆಯ ಕಾರಿಗಿಂತ ಉದಾರವಾಗಿ ಕೊಟ್ಟಿರುತ್ತಾರೆ. ಆದ್ದರಿಂದ ಡ್ಯಾಶ್‌ಬೋರ್ಡಿನ ದೀಪಗಳ ಅರ್ಥ ತಿಳಿದಿರಬೇಕು. ಹಳದಿ ಎಬಿಎಸ್ ದೀಪ ಒಂದೇ ಹೊತ್ತಿದ್ದರೆ ಸಾಮಾನ್ಯವಾಗಿ ಎಬಿಎಸ್ ನಿಂತಿದೆ, ಇಬಿಡಿ ಇನ್ನೂ ಇರಬಹುದು. ಎಬಿಎಸ್ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹೊತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಬ್ರೇಕ್ ಆಯಿಲ್ ಮಟ್ಟ ಸರಿಯಿದ್ದರೂ ಆರದಿದ್ದರೆ ಇಬಿಡಿಯೂ ಹೋಗಿದೆ ಎಂದು ಲೆಕ್ಕ. ಆಗ ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು. ದೀಪ ಕಿರಿಕಿರಿ ಎಂದು ಎಬಿಎಸ್ ಫ್ಯೂಸ್ ಕೀಳುವವರು ಮಾಡುತ್ತಿರುವುದು ಇದನ್ನೇ: ಬೇಡವೆಂದು ಎಬಿಎಸ್ ತೆಗೆದರು, ಜೊತೆಗೆ ಹಂಚಿಕೆಯ ವಾಲ್ವನ್ನೂ ಕಿತ್ತರು. ಬಹಳ ಸಲ ದೋಷ ಒಂದು ವೀಲ್ ಸೆನ್ಸರಿನ ಮೇಲೆ ಕೂತ ಕಬ್ಬಿಣದ ಪುಡಿ ಅಥವಾ ಇಲಿ ಕಡಿದ ವೈರು, ಅಷ್ಟೇ.

ಎಲೆಕ್ಟ್ರಿಕ್ ಕಾರುಗಳಲ್ಲಿ ಇನ್ನೊಂದು ಪದರ ಸೇರಿದೆ. ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಬ್ರೇಕಾಗುತ್ತದೆ (ಇದಕ್ಕೆ ರೀಜನ್ ಎನ್ನುತ್ತಾರೆ), ಆದರೆ ಮೋಟಾರ್ ಇರುವ ಆಕ್ಸಲ್ಲಿನಲ್ಲಿ ಮಾತ್ರ. ನೆಕ್ಸಾನ್ ಇವಿಯಲ್ಲಿ ಅದು ಮುಂದೆ, ಸುರಕ್ಷಿತ ಕಡೆಗೇ ವಾಲುತ್ತದೆ. ಎಂಜಿ ಕಾಮೆಟ್, ಮಹೀಂದ್ರ ಬಿಇ 6 ಇವುಗಳಲ್ಲಿ ಮೋಟಾರ್ ಹಿಂದೆ. ಜಾರುವ ರಸ್ತೆಯಲ್ಲಿ ಹಿಂದಿನ ಚಕ್ರದ ಮೇಲೆ ಹೆಚ್ಚು ರೀಜನ್ ಬಿದ್ದರೆ ಪೆಡಲ್ ಮುಟ್ಟದೆಯೇ ಹಿಂಭಾಗ ಸಡಿಲವಾಗಬಹುದು, ಆದ್ದರಿಂದ ಚಕ್ರ ಜಾರುವ ಸುಳಿವು ಸಿಕ್ಕ ತಕ್ಷಣ ಕಂಪ್ಯೂಟರ್ ಅದನ್ನು ತಗ್ಗಿಸುತ್ತದೆ. ಮಳೆಗಾಲದ ಕೆಸರು ರಸ್ತೆಯಲ್ಲಿ ಹಿಂದೆ ಮೋಟಾರಿರುವ ಗಾಡಿಗೆ ರೀಜನ್ ಕೆಳಗಿನ ಮಟ್ಟದಲ್ಲಿ ಇಡುವುದು ಒಳ್ಳೆಯದು.

ಕೊನೆಗೆ ಟೈರು. ಎರಡೇ ಹೊಸ ಟೈರು ಕೊಂಡಾಗ ಅಂಗಡಿಯವರು ಕೇಳದೆಯೇ ಮುಂದೆ ಹಾಕುತ್ತಾರೆ, ಸ್ಟೀರಿಂಗ್ ಇರುವುದು ಮುಂದೆ ತಾನೇ ಎಂದು. ಹಿಂದೆ ಹಾಕಿಸಿ. ಮೇಲಿನ ಇಡೀ ಲೆಕ್ಕ ಮುಂದು ಹಿಂದಿನ ಟೈರಿನ ಹಿಡಿತ ಒಂದೇ ಎಂದು ಊಹಿಸಿಕೊಂಡದ್ದು. ಹಿಂದಿನ ಟೈರು ಸವೆದಿದ್ದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಅಂಚಿಗಿಂತ ಮೊದಲೇ ಕೈಕೊಡುತ್ತದೆ, ಬ್ರೇಕಿನಲ್ಲಿ ಏನೂ ದೋಷವಿಲ್ಲದೆ. ಮುಂದೆ ಒಂದು ಸೈಜು ಹಿಂದೆ ಇನ್ನೊಂದು ಸೈಜು ಹಾಕಿದರೆ ಇಬಿಡಿ ಹೋಲಿಸುವ ವೇಗಗಳೇ ತಪ್ಪಾಗುತ್ತವೆ. 8-10 ಸಾವಿರ ಕಿಲೋಮೀಟರಿಗೊಮ್ಮೆ ಮುಂದು ಹಿಂದು ಅದಲುಬದಲು ಮಾಡುತ್ತಾ ಬಂದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ, ಎರಡೇ ಟೈರು ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.